ಗಣಿಯ ಕಾವೂ ಸೊನ್ನೆಯ ನೆಲೆಯೂ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆಯುವವರು ಅಲ್ಲಿನ ಆಳವನ್ನೂ ಕಾವನ್ನೂ ಜೊತೆಯಾಗಿ ವರ್ಣಿಸುವುದು ವಾಡಿಕೆ. 2001ರಲ್ಲಿ ಮುಚ್ಚಿದ ಈ ಗಣಿಗಳ ಪೈಕಿ ಚಾಂಪಿಯನ್ ರೀಫ್ ಸುಮಾರು 3,200 ಮೀಟರು ಆಳಕ್ಕಿಳಿದಿತ್ತು. ತಳದ ಬಂಡೆಯ ಉಷ್ಣತೆ ಸುಮಾರು 65 ಡಿಗ್ರಿ ಸೆಂಟಿಗ್ರೇಡ್. ಮೇಲ್ನೆಲದ ಉಷ್ಣತೆಯನ್ನು 26 ಎಂದಿಟ್ಟುಕೊಂಡರೆ, ತಳವು ‘ಎರಡೂವರೆ ಪಟ್ಟು ಬಿಸಿ’ ಎಂದು ಬರೆಯಲು ಲೇಖನಿ ತವಕಿಸುತ್ತದೆ. ನಾವೂ ತರಗತಿಯಲ್ಲಿ ಹಾಗೆ ಹೇಳಿದುದುಂಟು. ಅದು ತಪ್ಪು.

ಆ ಎರಡು ಉಷ್ಣತೆಗಳೇ ಫಾರನ್‌ಹೀಟ್ ಮಾನದಲ್ಲಿ 149 ಮತ್ತು ಸುಮಾರು 79 ಆಗುತ್ತವೆ. ಎರಡೂವರೆ ಪಟ್ಟು ಹೋಗಿ ಎರಡು ಪಟ್ಟಿಗೂ ಕಡಿಮೆಯಾಯಿತು. ಬಂಡೆ ತಣಿಯಲಿಲ್ಲ, ಸೊನ್ನೆಯ ನೆಲೆ ಬದಲಾಯಿತಷ್ಟೆ. 1742ರಲ್ಲಿ ಸ್ವೀಡನ್ನಿನ ಸೆಲ್ಸಿಯಸ್ ಮೊದಲು ರೂಪಿಸಿದ ಮಾನದಲ್ಲಿ ನೀರು ಕುದಿಯುವ ಬಿಂದುವೇ ಸೊನ್ನೆ, ಹೆಪ್ಪುಗಟ್ಟುವುದು 100. ಆ ಲೆಕ್ಕದಲ್ಲಿ ಮೇಲ್ನೆಲ 74, ಗಣಿಯ ತಳ 35! ಆಳದ ಮಾತು ಬೇರೆ. 3,200 ಮೀಟರು 1,600ರ ಎರಡರಷ್ಟು. ಅಡಿಗಳಲ್ಲಿ ಅಳೆದರೂ ಎರಡರಷ್ಟೇ. ಸೊನ್ನೆ ಮೀಟರೆಂದರೆ ಆಳವೇ ಇಲ್ಲ. ಸೊನ್ನೆ ಡಿಗ್ರಿಯೆಂದರೆ ಕಾವೇ ಇಲ್ಲವೆಂದಲ್ಲ.

ಇತಿಹಾಸದ ವಿದ್ಯಾರ್ಥಿಗೆ ಇದು ಅಪರಿಚಿತವೇನಲ್ಲ. ಮುಳಬಾಗಿಲಿನಲ್ಲಿ ಹೈದರಾಲಿಗೂ ಇಂಗ್ಲಿಷರಿಗೂ ಕದನವಾದುದು ಕ್ರಿ.ಶ. 1768, ಶಕ 1690. ಹೈದರನು ಮೃತನಾಗಿ ಅವನ ದೇಹವನ್ನು ಕೆಲಕಾಲ ಕೋಲಾರದಲ್ಲಿರಿಸಿದುದು 1782, ಶಕ 1704. ಎರಡು ಗಣನೆಗಳಲ್ಲಿಯೂ ಅಂತರ 14 ವರ್ಷವೇ. ಟಿಪ್ಪುವು ಹಿಜರಿಯನ್ನು ಬಿಟ್ಟು ಮೌಲೂದಿ ಗಣನೆಯನ್ನು ನಾಣ್ಯಗಳ ಮೇಲೆ ತಂದಾಗ ವರ್ಷಾಂಕ ಹತ್ತಕ್ಕೂ ಮಿಕ್ಕಿ ನೆಗೆಯಿತು, ಕಾಲ ನೆಗೆಯಲಿಲ್ಲ. ಮಾಲೂರು, ಶ್ರೀನಿವಾಸಪುರಗಳ ಶಾಸನಗಳನ್ನು ಓದುವವನು ವರ್ಷಾಂಕಗಳನ್ನು ಕಳೆಯುತ್ತಾನೆ. ಒಂದರಿಂದ ಇನ್ನೊಂದನ್ನು ಭಾಗಿಸುವುದಿಲ್ಲ.

ಉಷ್ಣತೆಗೆ ನಿಜವಾದ ಸೊನ್ನೆಯೇ ಇಲ್ಲವೆಂದು ಭಾವಿಸಬಾರದು. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್ 1848ರಲ್ಲಿ ನಿರಪೇಕ್ಷ ಮಾನವನ್ನು ಪ್ರತಿಪಾದಿಸಿದನು; ಅದರ ಸೊನ್ನೆಯು ಸೆಂಟಿಗ್ರೇಡಿನ ಸೊನ್ನೆಗಿಂತ 273.15 ಡಿಗ್ರಿ ಕೆಳಗಿದೆ. ಆ ಮಾನದಲ್ಲಿ ಗಣಿಯ ತಳ 338, ಮೇಲ್ನೆಲ 299, ಭಾಗಿಸಿದರೆ 1.13. ಇಲ್ಲಿ ಭಾಗಾಕಾರ ಸಲ್ಲುತ್ತದೆ. ಆದರೆ ತಳದಲ್ಲಿ ದುಡಿದವರ ಬವಣೆಯು ನೂರಕ್ಕೆ ಹದಿಮೂರರಷ್ಟೇ ಹೆಚ್ಚಾಗಿತ್ತೆಂದು ಇದರಿಂದ ಹೇಳಲಾಗದು. ಚರಿತ್ರೆಯಲ್ಲಿ ‘39 ಡಿಗ್ರಿ ಹೆಚ್ಚು’ ಎಂದು ಬರೆದರೆ ಸಾಕು. ದುಡಿದವರ ಪಾಡನ್ನು ತಿಳಿಯಬೇಕಾದರೆ 37 ಡಿಗ್ರಿಯ ಮೈಗೂ 65 ಡಿಗ್ರಿಯ ಬಂಡೆಗೂ ನಡುವಣ ಅಂತರವನ್ನು, ಅದರೊಡನೆ ಸುರಂಗದ ತೇವವನ್ನೂ ಗಾಳಿಯ ಸಂಚಾರವನ್ನೂ ವಿಚಾರಿಸಬೇಕು.