ಸೋಮವಾರದ ಹೊಟ್ಟೆನೋವು ಸುಳ್ಳಲ್ಲ

ಭಾನುವಾರ ರಾತ್ರಿಯವರೆಗೂ ಕುಣಿದಾಡಿಕೊಂಡಿದ್ದ ಹುಡುಗ ಸೋಮವಾರ ಬೆಳಿಗ್ಗೆ ಶಾಲೆಯ ವ್ಯಾನು ಬರುವ ಹೊತ್ತಿಗೆ ಸರಿಯಾಗಿ ಹೊಟ್ಟೆ ಹಿಡಿದುಕೊಂಡು ಕೂರುತ್ತಾನೆ. ಮನೆಯಲ್ಲಿ ಮೂರು ತೀರ್ಪು ಸಿದ್ಧವಾಗಿರುತ್ತವೆ. ಒಬ್ಬರು 'ಬರೀ ನಾಟಕ' ಎನ್ನುತ್ತಾರೆ. ಇನ್ನೊಬ್ಬರು ಕಣ್ಣು ತಾಗಿದೆಯೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ. ಮೂರನೆಯವರು 'ಪಾಪ, ಇವತ್ತೊಂದು ದಿನ ಇರಲಿ ಬಿಡಿ' ಎನ್ನುತ್ತಾರೆ. ಮೂರರಲ್ಲಿ ಹೆಚ್ಚು ಮಮತೆಯಿರುವುದು ಕೊನೆಯ ಮಾತಿನಲ್ಲೇ. ಆದರೆ ಮಕ್ಕಳ ಆತಂಕದ ಬಗ್ಗೆ ನಡೆದ ಸಂಶೋಧನೆಯನ್ನು ನಂಬುವುದಾದರೆ, ಆತಂಕಕ್ಕೆ ದೀರ್ಘಾಯುಷ್ಯ ಕೊಡುವುದೂ ಅದೇ ಮಾತು.

ಮೊದಲು ಹೊಟ್ಟೆನೋವಿನ ವಿಷಯ ಮುಗಿಸೋಣ. ಅಪಾಯ ಬಂತೆಂದು ಮೆದುಳು ಎಚ್ಚರಿಸಿದಾಗ ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಜೀರ್ಣಾಂಗಗಳ ಕಡೆಗಿನ ರಕ್ತ ಸ್ನಾಯುಗಳತ್ತ ತಿರುಗುತ್ತದೆ. ಹೊಟ್ಟೆ ತೊಳಸುವುದು, ತಲೆ ಸಿಡಿಯುವುದು, ಕೈಕಾಲು ತಣ್ಣಗಾಗುವುದು ಎಲ್ಲ ನಿಜವಾಗಿಯೇ ಆಗುತ್ತವೆ. 'ನನಗೆ ಆತಂಕವಾಗುತ್ತಿದೆ' ಎಂದು ಹೇಳಲು ಬಾರದ ಏಳು ವರ್ಷದ ಮಗು 'ಹೊಟ್ಟೆ ನೋವು' ಎನ್ನುತ್ತದೆ. ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಬೇಕು, ಸಂಶಯವಿಲ್ಲ. ಅವರು ಏನೂ ಇಲ್ಲವೆಂದ ಮೇಲೂ ಸ್ಕ್ಯಾನಿನಿಂದ ಸ್ಕ್ಯಾನಿಗೆ ಅಲೆದರೆ, ತನ್ನೊಳಗೆ ಏನೋ ಭಯಂಕರವಾದದ್ದಿದೆ ಎಂದು ಮಗು ನಂಬಿಬಿಡುತ್ತದೆ.

"ದೊಡ್ಡವನಾದರೆ ತಾನೇ ಸರಿಹೋಗುತ್ತೆ"

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಎಂಟು ತಿಂಗಳ ಕೂಸು ಹೊಸಬರನ್ನು ಕಂಡು ಅಳುವುದು, ನಾಲ್ಕರ ಪೋರ ಕತ್ತಲೆಗೆ ಹೆದರುವುದು ಬೆಳವಣಿಗೆಯ ಭಾಗ. ಅವು ಬಂದಷ್ಟೇ ಸಹಜವಾಗಿ ಹೋಗುತ್ತವೆ. ಕೆಲವು ಭಯಗಳು ಮಾತ್ರ ಹೋಗದೆ ತಿಂಗಳುಗಟ್ಟಲೆ ಉಳಿದು ಶಾಲೆ, ಸ್ನೇಹ, ನಿದ್ರೆಗೆ ಅಡ್ಡ ನಿಲ್ಲುತ್ತವೆ. ಅಂಥದ್ದನ್ನು ವೈದ್ಯರು ಆತಂಕದ ಕಾಯಿಲೆ ಎಂದು ಗುರುತಿಸುತ್ತಾರೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 6.5ರಷ್ಟು ಮಂದಿಗೆ ಇದು ಇದೆ. ಅಮೆರಿಕದ ವಯಸ್ಕರ ನಡುವೆ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ ಆತಂಕದ ಕಾಯಿಲೆ ಶುರುವಾದ ಮಧ್ಯಮ ವಯಸ್ಸು 11 ಎಂದು ಬಂತು. ಅಂದರೆ, ಬದುಕಿನಲ್ಲಿ ಯಾವಾಗಲಾದರೂ ಆ ಕಾಯಿಲೆ ಕಂಡವರಲ್ಲಿ ಅರ್ಧದಷ್ಟು ಮಂದಿಗೆ ಅದು ಹತ್ತಿಕೊಂಡದ್ದು ಪ್ರೌಢಶಾಲೆಯ ಮೆಟ್ಟಿಲು ಹತ್ತುವ ಮೊದಲೇ.

ಕಾದು ನೋಡುವುದು, ಬುದ್ಧಿ ಹೇಳುವುದು, 'ಪುಕ್ಕಲ' ಎಂದು ಹೀಯಾಳಿಸುವುದು: ನಮ್ಮ ಮನೆಗಳ ಈ ಮೂರೂ ಮದ್ದುಗಳ ಪರೀಕ್ಷೆ ನೂರು ವರ್ಷದ ಹಿಂದೆಯೇ ಮುಗಿದಿದೆ. 1920ರಲ್ಲಿ ಜಾನ್ ವಾಟ್ಸನ್ ಎಂಬ ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಎಂಬ ಕೂಸಿನ ಬೆನ್ನ ಹಿಂದೆ ಉಕ್ಕಿನ ಸರಳು ಬಡಿದು ಬಡಿದು ಬಿಳಿ ಇಲಿಯ ಭಯ ಹುಟ್ಟಿಸಿದ. ಪಠ್ಯಪುಸ್ತಕಗಳೆಲ್ಲ ಅವನನ್ನೇ ಹಾಡುತ್ತವೆ. ಹುಟ್ಟಿದ ಭಯವನ್ನು ತೆಗೆಯುವುದು ಹೇಗೆಂದು ಹುಡುಕಿದ ಮೇರಿ ಕವರ್ ಜೋನ್ಸ್ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ನನ್ನ ಮಟ್ಟಿಗೆ ದೊಡ್ಡ ಕೆಲಸ ಆಕೆಯದು. ನ್ಯೂಯಾರ್ಕಿನ ಮಕ್ಕಳ ಮೇಲೆ ಆಕೆ ನಡೆಸಿದ ಪ್ರಯೋಗಗಳು 1924ರಲ್ಲಿ ಪ್ರಕಟವಾದವು. ಭಯದ ವಸ್ತುವನ್ನು ಸುಮ್ಮನೆ ದೂರವಿಟ್ಟು ಕಾದರೂ, ಮಾತಿನಲ್ಲಿ ಒಪ್ಪಿಸಲು ಹೋದರೂ, ಬೇರೆ ಮಕ್ಕಳು ನಗುವಂತೆ ಮಾಡಿದರೂ ಭಯ ಹೋಗಲಿಲ್ಲ. ಫಲ ಕೊಟ್ಟದ್ದು ಎರಡೇ ದಾರಿ. ಒಂದು, ಹೆದರದ ಮಕ್ಕಳ ಜೊತೆಗಿರಿಸಿ ಅವರನ್ನು ನೋಡಿ ಕಲಿಯಲು ಬಿಡುವುದು. ಇನ್ನೊಂದು, ಮಗು ಇಷ್ಟದ ತಿಂಡಿ ತಿನ್ನುತ್ತಿರುವಾಗ ಹೆದರುವ ವಸ್ತುವನ್ನು ದಿನಕ್ಕಿಷ್ಟು ಹತ್ತಿರ ತರುವುದು. ಮೊಲ ಕಂಡರೆ ಚೀರುತ್ತಿದ್ದ, ಮೂರು ವರ್ಷ ಇನ್ನೂ ತುಂಬದ ಪೀಟರ್ ಕೊನೆಗೆ ಅದೇ ಮೊಲವನ್ನು ತಡವಿದ.

"ಹೆದರಿಸುವುದರಿಂದ ದೂರವಿಟ್ಟರೆ ಮಗು ನೆಮ್ಮದಿಯಾಗಿರುತ್ತೆ"

ಎಲ್ಲ ತಪ್ಪು ಕಲ್ಪನೆಗಳ ತಾಯಿಬೇರು ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಶಾಲೆಗೆ ಹೆದರಿದ ಮಗುವನ್ನು ಮನೆಯಲ್ಲಿ ಉಳಿಸಿಕೊಂಡ ಕೂಡಲೇ ಅದರ ಮುಖ ಅರಳುತ್ತದೆ. ಹೊಟ್ಟೆನೋವು ಹತ್ತು ಗಂಟೆಗೆ ಮಾಯ. ಆ ನೆಮ್ಮದಿಯೇ ಬಹುಮಾನವಾಗುತ್ತದೆ. ತಪ್ಪಿಸಿಕೊಂಡದ್ದರಿಂದ ಬಚಾವಾದೆ ಎಂದು ಮೆದುಳು ಪಾಠ ಕಲಿಯುತ್ತದೆ. ಹೋಗಿದ್ದರೆ ಏನೂ ಆಗುತ್ತಿರಲಿಲ್ಲ ಎಂಬುದನ್ನು ಕಲಿಯುವ ಅವಕಾಶ ಮಾತ್ರ ಸಿಗುವುದೇ ಇಲ್ಲ. ಮಂಗಳವಾರ ಭಯ ಇನ್ನಷ್ಟು ಬಲಿಯುತ್ತದೆ. ಮನೆಯವರು ಇದರಲ್ಲಿ ತಿಳಿಯದೆ ಪಾಲುದಾರರಾಗುತ್ತಾರೆ. ಮಗುವಿಗೆ ಕೇಳಿದ ಪ್ರಶ್ನೆಗೆ ತಾವೇ ಉತ್ತರ ಕೊಡುವುದು, ಹನ್ನೆರಡರ ಮಗನ ಪಕ್ಕದಲ್ಲೇ ದಿನಾ ಮಲಗುವುದು, 'ಏನೂ ಆಗಲ್ಲ ಅಲ್ವಾ?' ಎಂಬ ಪ್ರಶ್ನೆಗೆ ರಾತ್ರಿಗೆ ಹತ್ತು ಸಲ 'ಇಲ್ಲ ಕಂದಾ' ಎನ್ನುವುದು, ನೆಂಟರ ಮದುವೆಗೆ ಹೋಗುವುದನ್ನೇ ಬಿಡುವುದು. ಸಂಶೋಧಕರು ಇದಕ್ಕೆ ಅಕಾಮಡೇಶನ್ ಎನ್ನುತ್ತಾರೆ. ಮನೆಯೇ ಆತಂಕದ ಅಳತೆಗೆ ತನ್ನನ್ನು ಕತ್ತರಿಸಿಕೊಳ್ಳುವುದು ಎಂದಿಟ್ಟುಕೊಳ್ಳಿ.

ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಇದನ್ನೇ ಹಿಡಿದು ಸ್ಪೇಸ್ ಎಂಬ ಚಿಕಿತ್ಸೆ ರೂಪಿಸಿದರು. ವಿಚಿತ್ರವೆಂದರೆ ಇದರಲ್ಲಿ ಮಗು ಚಿಕಿತ್ಸಕರ ಬಳಿಗೆ ಬರುವುದೇ ಇಲ್ಲ. ಅಪ್ಪ ಅಮ್ಮ ಮಾತ್ರ ವಾರಕ್ಕೊಮ್ಮೆಯಂತೆ 12 ವಾರ ಹೋಗುತ್ತಾರೆ. ಅವರು ಕಲಿಯುವುದು ಎರಡು ಕೆಲಸ. 'ನಿನಗೆ ಕಷ್ಟವಾಗುತ್ತಿದೆ ಅಂತ ಗೊತ್ತು, ಆದರೂ ನೀನು ತಡೆದುಕೊಳ್ಳಬಲ್ಲೆ' ಎಂದು ಒಂದೇ ಉಸಿರಿನಲ್ಲಿ ಹೇಳುವುದು ಮೊದಲನೆಯದು. ತಾವು ಒದಗಿಸುತ್ತಿದ್ದ ಊರುಗೋಲನ್ನು ಮೊದಲೇ ತಿಳಿಸಿ, ಮೆಲ್ಲಮೆಲ್ಲಗೆ ತೆಗೆಯುವುದು ಎರಡನೆಯದು. 7ರಿಂದ 14 ವರ್ಷದ 124 ಮಕ್ಕಳ ಕುಟುಂಬಗಳಲ್ಲಿ ನಡೆದ ಹೋಲಿಕೆಯ ಪರೀಕ್ಷೆಯಲ್ಲಿ ಈ ವಿಧಾನ, ಯೋಚನೆ ಮತ್ತು ವರ್ತನೆ ಎರಡನ್ನೂ ತಿದ್ದಲು ಮಗುವಿಗೇ ನೇರವಾಗಿ ಕೊಡುವ ಸಿಬಿಟಿ ಎಂಬ ಚಿಕಿತ್ಸೆಗಿಂತ ಕಡಿಮೆಯೇನಲ್ಲ ಎಂದು ತಿಳಿದುಬಂತು. ಕೌನ್ಸೆಲರ್ ಎದುರು ಬಾಯಿಯೇ ಬಿಡದ ಮಗುವಿನ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿಯಿಲ್ಲ.

ಇದನ್ನು ಓದಿದ ಕೆಲವು ಅಪ್ಪಂದಿರು 'ನಾನು ಹೇಳಲಿಲ್ಲವೇ, ಎಳೆದುಕೊಂಡು ಹೋಗಿ ಬಿಟ್ಟರೆ ಸರಿಹೋಗುತ್ತಾನೆ' ಎಂದು ಎದ್ದು ನಿಂತಿರಬಹುದು. ದಯವಿಟ್ಟು ಕೂತುಕೊಳ್ಳಿ. ಬಾವಿಗೆ ತಳ್ಳಿ ಈಜು ಕಲಿಸುವ ವಿದ್ಯೆ ಇದಲ್ಲ. ಭಯಕ್ಕೆ ಹಂತಹಂತವಾಗಿ ಎದುರಾಗುವುದು ಸಿಬಿಟಿಯ ಜೀವಾಳ. ತರಗತಿಯಲ್ಲಿ ಬಾಯಿಬಿಡಲು ಹೆದರುವ ಹುಡುಗಿ ಮೊದಲು ಖಾಲಿ ತರಗತಿಯಲ್ಲಿ ಟೀಚರೊಬ್ಬರಿಗೇ ಒಂದು ಸಾಲು ಓದಿ ಹೇಳುತ್ತಾಳೆ. ಅದು ಸಲೀಸಾದ ಮೇಲೆ ಗೆಳತಿಯೊಬ್ಬಳ ಎದುರು, ಆಮೇಲೆ ನಾಲ್ವರ ಎದುರು. ಬೇಕೆಂದೇ ತಪ್ಪು ಉತ್ತರ ಹೇಳಿ ಬರುವ ಮೆಟ್ಟಿಲೂ ಒಂದಿರುತ್ತದೆ. ತಪ್ಪಾದರೂ ಆಕಾಶ ಕಳಚಿ ಬೀಳುವುದಿಲ್ಲವೆಂದು ಗೊತ್ತಾಗಬೇಕಲ್ಲ! ಮೆಟ್ಟಿಲುಗಳ ಪಟ್ಟಿ ಮಾಡುವಾಗ ಹುಡುಗಿಯೂ ಕೂತಿರುತ್ತಾಳೆ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಫಿಲಿಪ್ ಕೆಂಡಲ್ 9ರಿಂದ 13 ವರ್ಷದ 47 ಮಕ್ಕಳ ಮೇಲೆ ಇಂಥದೊಂದು ಕಾರ್ಯಕ್ರಮದ ಪರೀಕ್ಷೆ ನಡೆಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕಿತ್ಸೆ ಪಡೆದವರಲ್ಲಿ ಶೇ 64ರಷ್ಟು ಮಕ್ಕಳಿಗೆ ಕೊನೆಗೆ ಕಾಯಿಲೆಯ ಹಣೆಪಟ್ಟಿಯೇ ಹೊಂದುತ್ತಿರಲಿಲ್ಲ. ಅವರ ಕಾರ್ಯಕ್ರಮದ ಮೊದಲರ್ಧ ಕಲಿಕೆ, ಉಳಿದರ್ಧವೆಲ್ಲ ಹೀಗೆ ಎದುರಾಗುವ ಅಭ್ಯಾಸ.

"ಉಸಿರಾಟ, ಧ್ಯಾನ ಕಲಿಸಿದರೆ ಸಾಕು"

ಉಸಿರಾಟದ ಅಭ್ಯಾಸದಿಂದ ಹಾನಿಯಿಲ್ಲ, ಆ ಕ್ಷಣಕ್ಕೆ ಹಿತವೂ ಆಗಬಹುದು. ಚಿಕಿತ್ಸೆಯ ಭಾರವನ್ನು ಅದರ ಮೇಲೆ ಹೊರಿಸಿದಾಗ ಮಾತ್ರ ಅದು ನಿಲ್ಲುವುದಿಲ್ಲ. ಅಮೆರಿಕದ ದೊಡ್ಡ ಅಧ್ಯಯನವೊಂದರ ಮಾಹಿತಿಯನ್ನು ಸಂಶೋಧಕರು ಬಿಡಿಸಿ ನೋಡಿದಾಗ, ಯೋಚನೆ ತಿದ್ದುವ ಮತ್ತು ಭಯಕ್ಕೆ ಎದುರಾಗುವ ಭಾಗಗಳು ಶುರುವಾದ ಮೇಲೆ ಮಕ್ಕಳ ಚೇತರಿಕೆಗೆ ವೇಗ ಬಂದದ್ದು ಕಂಡಿತು. ಮೈ ಸಡಿಲಿಸುವ ಪಾಠದಿಂದ ಹೇಳಿಕೊಳ್ಳುವ ವ್ಯತ್ಯಾಸವಾಗಿರಲಿಲ್ಲ. ಬ್ರಿಟನ್ನಿನಲ್ಲಿ 84 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ನಡುವೆ ಮೈಂಡ್‌ಫುಲ್‌ನೆಸ್ ಪಾಠದ ಪರೀಕ್ಷೆ ನಡೆಯಿತು. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ ಶಾಲೆಗಳಲ್ಲಿ ಮೊದಲಿನಿಂದ ನಡೆಯುತ್ತಿದ್ದ ಪಾಠಕ್ಕಿಂತ ಅದು ಮೇಲೇನೂ ಆಗಿರಲಿಲ್ಲ. ಪ್ರಾರ್ಥನೆಯ ನಂತರ ಐದು ನಿಮಿಷ ಧ್ಯಾನ ಮಾಡಿಸಿ ಮಕ್ಕಳ ಮನಸ್ಸಿನ ಆರೋಗ್ಯ ನೋಡಿಕೊಂಡೆವೆಂದು ಬೀಗುವ ಆಡಳಿತ ಮಂಡಳಿಗಳು ಇದನ್ನೊಮ್ಮೆ ಓದಬೇಕು.

"ಮಾತ್ರೆ ಶುರುಮಾಡಿದರೆ ಜೀವನವಿಡೀ ಬಿಡಲಾಗದು"

ಮೇಲೆ ಹೇಳಿದ ದೊಡ್ಡ ಅಧ್ಯಯನದ ಹೆಸರು ಕ್ಯಾಮ್ಸ್. ಅಮೆರಿಕದ ಆರು ಕೇಂದ್ರಗಳು, 7ರಿಂದ 17 ವರ್ಷದ 488 ಮಕ್ಕಳು, 12 ವಾರ. ಕೆಲವರಿಗೆ ಸಿಬಿಟಿ, ಕೆಲವರಿಗೆ ಸರ್ಟ್ರಲಿನ್ ಎಂಬ ಮಾತ್ರೆ, ಕೆಲವರಿಗೆ ಎರಡೂ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡೂ ಪಡೆದವರಲ್ಲಿ ಶೇ 80.7 ಮಂದಿ ಚೆನ್ನಾಗಿ ಸುಧಾರಿಸಿದರು. ಸಿಬಿಟಿ ಒಂದನ್ನೇ ಪಡೆದವರಲ್ಲಿ ಶೇ 59.7, ಮಾತ್ರೆಯೊಂದನ್ನೇ ಪಡೆದವರಲ್ಲಿ ಶೇ 54.9, ಹುಸಿ ಮಾತ್ರೆಯವರಲ್ಲಿ ಶೇ 23.7. ಮಾತ್ರೆ ವಿಷವೂ ಅಲ್ಲ, ಅಮೃತವೂ ಅಲ್ಲ. ಚಿಕಿತ್ಸೆಯ ಜೊತೆ ಸೇರಿದಾಗ ಅದರ ಕಸುವು ಹೆಚ್ಚು.

ಸರ್ಟ್ರಲಿನ್ ಇರುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ದಿಢೀರನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬರಬಹುದಾದ್ದರಿಂದ ವೈದ್ಯರು ಪ್ರಮಾಣವನ್ನು ಇಳಿಸುತ್ತಾ ಬಿಡಿಸುತ್ತಾರೆ. ಚಟದ ಅಪಾಯ ಇರುವುದು ಆಲ್‌ಪ್ರಜೊಲಾಮ್, ಕ್ಲೊನಜೆಪಾಮ್ ತರಹದ ಬೇರೆಯೇ ಗುಂಪಿಗೆ. ದೊಡ್ಡವರಿಗೆಂದು ಬರೆದುಕೊಟ್ಟ ಆ ಮಾತ್ರೆಯನ್ನು ಪರೀಕ್ಷೆಯ ಹಿಂದಿನ ರಾತ್ರಿ ಮಗಳಿಗೆ ಅರ್ಧ ಮುರಿದು ಕೊಡುವವರೂ ಇದ್ದಾರೆ. ಖಂಡಿತ ಕೂಡದು.

ಹಾಗೆಂದು ಎಸ್‌ಎಸ್‌ಆರ್‌ಐ ಬಗ್ಗೆ ಎಚ್ಚರಿಕೆ ಬೇಡವೆಂದಲ್ಲ. ಅಮೆರಿಕದ ಔಷಧ ನಿಯಂತ್ರಕರು 2004ರಲ್ಲಿ ಎಸ್‌ಎಸ್‌ಆರ್‌ಐಯೂ ಸೇರಿದಂತೆ ಖಿನ್ನತೆ ನಿವಾರಕ ಮಾತ್ರೆಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. 24 ಪರೀಕ್ಷೆಗಳನ್ನು ಒಟ್ಟುಗೂಡಿಸಿದಾಗ ಆತ್ಮಹತ್ಯೆಯ ಆಲೋಚನೆ ಅಥವಾ ಅಂಥ ವರ್ತನೆ ಮಾತ್ರೆ ಪಡೆದ ಮಕ್ಕಳಲ್ಲಿ ಸುಮಾರು ಶೇ 4, ಹುಸಿ ಮಾತ್ರೆಯವರಲ್ಲಿ ಶೇ 2 ಇತ್ತು. ಆ ಪರೀಕ್ಷೆಗಳಲ್ಲಿ ಯಾವ ಮಗುವೂ ಜೀವ ಕಳೆದುಕೊಳ್ಳಲಿಲ್ಲ. ಆದರೂ ಮೊದಲ ಕೆಲವು ವಾರ, ಪ್ರಮಾಣ ಬದಲಾದಾಗಲೆಲ್ಲ, ಮಗುವಿನ ಮೇಲೆ ಕಣ್ಣಿಟ್ಟಿರಬೇಕು. ಮನೋವೈದ್ಯರು ಬೇಗ ಬೇಗ ಬರಹೇಳುವುದು ಇದಕ್ಕೇ.

ಮೊಬೈಲನ್ನು ದೂರುವವರಿಗೆ ಒಂದು ಸಣ್ಣ ಸಂಗತಿ. ಕ್ಯಾಮ್ಸ್ ಅಧ್ಯಯನಕ್ಕೆ ಮಕ್ಕಳನ್ನು ಸೇರಿಸಿಕೊಳ್ಳುವುದು ಮುಗಿದದ್ದು 2007ರ ಮೇ ತಿಂಗಳಲ್ಲಿ. ಮೊದಲ ಐಫೋನ್ ಅಂಗಡಿಗೆ ಬಂದದ್ದು ಅದರ ಮರುತಿಂಗಳು. ರಾತ್ರಿಯಿಡೀ ಫೋನು ತೀಡುವ ಮಗುವಿನ ಕೈಯಿಂದ ಅದನ್ನು ತೆಗೆದಿಡಿ, ಬೇಡವೆನ್ನುವುದಿಲ್ಲ. ಆತಂಕ ಮಾತ್ರ ಫೋನಿನ ಜೊತೆಗೆ ಹುಟ್ಟಿದ್ದಲ್ಲ. ಹೆತ್ತವರನ್ನು ದೂರುವುದೂ ಸರಿಯಲ್ಲ. ಆತಂಕ ಸ್ವಲ್ಪ ಮಟ್ಟಿಗೆ ವಂಶದಲ್ಲಿ ಬರುತ್ತದೆ, ಮತ್ತು ಅಳುಕುವ ಮಗುವೇ ಹೆತ್ತವರನ್ನು ಅತಿ ಜೋಪಾನದ ಕಡೆಗೆ ಎಳೆಯುತ್ತದೆ. ಸ್ಪೇಸ್ ಚಿಕಿತ್ಸೆ ಹೆತ್ತವರನ್ನು ಕರೆಸುವುದು ಅವರಿಂದ ಬದಲಾವಣೆ ಸಾಧ್ಯವೆಂದು, ಅವರೇ ತಪ್ಪಿತಸ್ಥರೆಂದಲ್ಲ.

ಒಮ್ಮೆ ವಾಸಿಯಾದರೆ ಮುಗಿಯಿತೆಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ಕ್ಯಾಮ್ಸ್ ಮಕ್ಕಳಲ್ಲಿ 319 ಮಂದಿಯನ್ನು ವರ್ಷಗಳ ನಂತರ ಹುಡುಕಿ, ನಾಲ್ಕು ವರ್ಷ ವರ್ಷಕ್ಕೊಮ್ಮೆ ಪರೀಕ್ಷಿಸಿ 2018ರಲ್ಲಿ ವರದಿ ಕೊಟ್ಟರು. ಸ್ಥಿರವಾಗಿ ಗುಣವಾಗಿದ್ದವರು ಶೇ 22. ಹೋಗಿ ಮತ್ತೆ ಮರುಕಳಿಸಿದವರು ಶೇ 48, ಬಿಡದೆ ಕಾಡಿಸಿಕೊಂಡವರು ಶೇ 30. ಚಿಕಿತ್ಸೆ ಸೋತಿತೆಂದು ಇದನ್ನು ಓದಬೇಕಿಲ್ಲ. ಆಸ್ತಮಾದ ಮಗುವಿಗೆ ಮಾಡುವಂತೆ ಆಗಾಗ ನೋಡಿಸುತ್ತಿರಬೇಕು, ಅಷ್ಟೆ. ಹನ್ನೆರಡು ವಾರದ ಚಿಕಿತ್ಸೆಗೆ ಜೀವಮಾನದ ಗ್ಯಾರಂಟಿ ಕೊಡುವವರನ್ನು ನಂಬಬೇಡಿ.

ಕ್ಯಾಮ್ಸ್‌ಗೆ ಬಂದವರಲ್ಲಿ ಬಹುಪಾಲು ಬಿಳಿಯ, ಅನುಕೂಲಸ್ಥ ಮನೆಗಳ ಮಕ್ಕಳು ಎಂಬುದೂ ನೆನಪಿರಲಿ; ನಮ್ಮಲ್ಲಿನ ಸ್ಥಿತಿ ಬೇರೆ. ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಸಮೀಕ್ಷೆ ನಮ್ಮ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆಯೆಂದಿತು. ಅವರೆಲ್ಲರಿಗೂ ಸಿಬಿಟಿ ಬಲ್ಲವರು ತಾಲ್ಲೂಕು ಮಟ್ಟದಲ್ಲಿ ಸಿಗುವ ಕಾಲ ಬಂದಿಲ್ಲ. ಕೌನ್ಸೆಲಿಂಗ್ ಬೋರ್ಡು ಹಾಕಿಕೊಂಡವರು ಮಾತ್ರ ಪೇಟೆಯ ತುಂಬ ಇದ್ದಾರೆ. ಅಂಥವರಲ್ಲಿಗೆ ಹೋದಾಗ ಒಂದು ಪ್ರಶ್ನೆ ಕೇಳಿ: 'ನನ್ನ ಮಗು ಹೆದರುವ ಸಂಗತಿಯನ್ನು ಎದುರಿಸಲು ನೀವು ಯಾವ ಮೆಟ್ಟಿಲುಗಳಲ್ಲಿ ಅಭ್ಯಾಸ ಮಾಡಿಸುತ್ತೀರಿ?' ಬರೀ ಧೈರ್ಯದ ಮಾತು, ಮೆದುಳಿನ ಚಿತ್ರ, ಬಣ್ಣ ಹಚ್ಚುವ ಪುಸ್ತಕ ಮುಂದಿಟ್ಟರೆ ಬೇರೆಯವರನ್ನು ಹುಡುಕಿ. ಎಲ್ಲಿಂದ ಶುರುಮಾಡಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.