ಸೊಂಟಕ್ಕೂ ಪಂದ್ಯಕ್ಕೂ ಒಂದೇ ಪಿಸ್ತೂಲು

ಅಮೆರಿಕದಲ್ಲಿ ನೆಲೆಸಿರುವ ಮಗನೋ ಅಳಿಯನೋ ರಜೆಯಲ್ಲಿ ಊರಿಗೆ ಬಂದಾಗ, ಅಲ್ಲಿಯ ಸಂಬಳ, ಹಿಮ, ಮಕ್ಕಳ ಶಾಲೆ ಇವೆಲ್ಲದರ ಮಾತು ಮುಗಿದ ಮೇಲೆ ಹಿರಿಯರು ಕೇಳುವ ಪ್ರಶ್ನೆಯೊಂದಿದೆ: "ಅಲ್ಲಿ ಎಲ್ಲರ ಬಳಿಯೂ ಪಿಸ್ತೂಲು ಇರುತ್ತದಂತೆ, ಹೌದೇನಪ್ಪ?" ಎಲ್ಲರ ಬಳಿಯೂ ಇಲ್ಲ. ಆದರೆ ಅಲ್ಲಿಯ ವಯಸ್ಕರಲ್ಲಿ ಹೆಚ್ಚುಕಡಿಮೆ ಮೂವರಲ್ಲೊಬ್ಬರು ತಮ್ಮದೇ ಆದ ಬಂದೂಕು ಉಂಟೆಂದು ಸಮೀಕ್ಷೆಗಳಲ್ಲಿ ಹೇಳುತ್ತಾರೆ. ಅಂಥ ನೆರೆಹೊರೆಯಲ್ಲಿ ಬದುಕುವ ನಮ್ಮವರಲ್ಲಿ ಕೆಲವರಿಗೆ ಆ ವಿಚಾರ ಬರುವುದು ಸಹಜವೇ. ಬರುವಾಗ ಅದು ಬಹುಮಟ್ಟಿಗೆ ಎರಡು ಆಸೆಗಳನ್ನು ಒಟ್ಟಿಗೆ ಹೊತ್ತುಕೊಂಡು ಬರುತ್ತದೆ. ಆತ್ಮರಕ್ಷಣೆಗೆಂದು ಅಂಗಿಯ ಮರೆಯಲ್ಲಿ ಒಯ್ಯಲು ಒಂದು ಪಿಸ್ತೂಲು ಬೇಕು. ಶನಿವಾರ ಊರ ಹೊರಗಿನ ಕ್ಲಬ್ಬಿನಲ್ಲಿ ನಡೆಯುವ ಗುರಿಯ ಪಂದ್ಯಕ್ಕೂ ಅದೇ ಒದಗಬೇಕು. ಎರಡು ಪಿಸ್ತೂಲಿನ ಖರ್ಚೇಕೆ ಎಂಬುದು ಒಂದು ಲೆಕ್ಕ. ಪಂದ್ಯದಲ್ಲಿ ಕೈ ಪಳಗಿದ್ದನ್ನೇ ಸೊಂಟದಲ್ಲಿಟ್ಟರೆ ಕಷ್ಟಕಾಲಕ್ಕೆ ಕೈ ತಡವರಿಸದು ಎಂಬುದು ಇನ್ನೊಂದು. ಎರಡನೆಯ ಲೆಕ್ಕವೇ ಹೆಚ್ಚು ತೂಕದ್ದೆಂದು ನಮಗೆ ತೋರುತ್ತದೆ.

ತೊಡಕೆಂದರೆ, ಈ ಎರಡು ಕೆಲಸಗಳು ಒಂದನ್ನೊಂದು ಎಳೆದಾಡುತ್ತವೆ. ಮರೆಯಲ್ಲಿ ಒಯ್ಯುವ ಪಿಸ್ತೂಲು ಚಿಕ್ಕದಾಗಿರಬೇಕು, ಹಗುರವಾಗಿರಬೇಕು, ತೆಳ್ಳಗಿರಬೇಕು. ಪಂದ್ಯದ ಪಿಸ್ತೂಲಿಗೆ ತೂಕ ಬೇಕು, ಉದ್ದ ಬೇಕು, ಕೈತುಂಬ ಹಿಡಿ ಬೇಕು. ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಗುಂಡು ಒಂದೇ ಆಗಿರುವಾಗ ಹಗುರವಾದ ಕೋವಿ ಹೆಚ್ಚು ಒದೆಯುತ್ತದೆ, ಭಾರದ್ದು ಕಡಿಮೆ. ಗುರಿಯ ಮಾತೂ ಹೀಗೆಯೇ. ಹಿಂದಿನ ಗುರಿಗುರುತಿಗೂ ನಳಿಗೆಯ ತುದಿಯ ಗುರಿಗುರುತಿಗೂ ನಡುವೆ 120 ಮಿಲಿಮೀಟರ್ ಅಂತರವಿದೆಯೆನ್ನಿ. ಕಣ್ಣು ಒಂದೇ ಒಂದು ಮಿಲಿಮೀಟರ್ ತಪ್ಪಿದರೆ 10 ಮೀಟರ್ ಆಚೆಗೆ ಗುಂಡು 8 ಸೆಂಟಿಮೀಟರಿಗೂ ಮಿಕ್ಕಿ ಸರಿದುಬಿಡುತ್ತದೆ. ಅದೇ ಅಂತರ 160 ಮಿಲಿಮೀಟರ್ ಇದ್ದರೆ ಸರಿಯುವುದು 6 ಸೆಂಟಿಮೀಟರಿಗೆ ತುಸು ಹೆಚ್ಚು ಅಷ್ಟೆ. ಅಂಗಡಿಯವನು ಅಂಗೈಯಲ್ಲಿ ಅಡಗುವ ಪುಟ್ಟ ಪಿಸ್ತೂಲನ್ನು ತೋರಿಸಿ "ಹೊಸಬರಿಗೆ ಇದೇ ಹಗುರ" ಎಂದರೆ ನಂಬಬಾರದು. ಹೊರುವುದಕ್ಕೆ ಹಗುರವಾದದ್ದು ಹೊಡೆಯುವುದಕ್ಕೆ ಕಠಿಣ.

ಈ ಎಳೆದಾಟದ ನಡುವೆ ಮಧ್ಯಮ ಗಾತ್ರದ ಒಂದು ವರ್ಗ ನೆಲೆಯೂರಿದೆ. ಅದರ ಚರಿತ್ರೆ ಸ್ವಾರಸ್ಯವಾದದ್ದು. ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ಎಂಬಾತ ಮೊದಲು ಪರದೆಯ ಕಂಬಿಗಳನ್ನೂ, ಸೈನ್ಯಕ್ಕೆ ಚಾಕುಗಳನ್ನೂ ತಯಾರಿಸುತ್ತಿದ್ದವನು. ಪಿಸ್ತೂಲು ಮಾಡಿದ ಅನುಭವವೇ ಇರಲಿಲ್ಲ. ಆತ ಪ್ಲಾಸ್ಟಿಕ್ಕಿನ ಒಡಲಿನ ಪಿಸ್ತೂಲೊಂದನ್ನು ರೂಪಿಸಿದ. 1982ರಲ್ಲಿ ಆಸ್ಟ್ರಿಯಾದ ಸೈನ್ಯ ಅದನ್ನು ಒಪ್ಪಿಕೊಂಡಿತು. ಅದೇ ಗ್ಲಾಕ್ 17. ಅದರ ನಳಿಗೆಯನ್ನೂ ಹಿಡಿಯನ್ನೂ ಸ್ವಲ್ಪ ಮೊಟಕುಗೊಳಿಸಿ 1988ರಲ್ಲಿ ಹೊರತಂದದ್ದು ಗ್ಲಾಕ್ 19. ನಳಿಗೆ 102 ಮಿಲಿಮೀಟರ್, ಮ್ಯಾಗಜೀನಿನಲ್ಲಿ 15 ಗುಂಡು, ಎಲ್ಲ ತುಂಬಿದಾಗ ತೂಕ ಸುಮಾರು 850 ಗ್ರಾಂ. ಒಂದೇ ಪಿಸ್ತೂಲಿನಿಂದ ಎರಡೂ ಕೆಲಸ ಸಾಗಬೇಕೆನ್ನುವವರಿಗೆ ಅಲ್ಲಿಯ ಅನುಭವಸ್ಥರು ಮೊದಲು ಹೇಳುವ ಹೆಸರುಗಳಲ್ಲಿ ಇದೊಂದು. ಇದೇ ಅಳತೆಯಲ್ಲಿ ಸ್ಮಿತ್ ಅಂಡ್ ವೆಸನ್, ಚೆಕ್ ದೇಶದ ಸಿ.ಝಡ್. ಮೊದಲಾದ ಕಂಪನಿಗಳೂ ಪಿಸ್ತೂಲುಗಳನ್ನು ಮಾಡುತ್ತವೆ. ಯಾವುದು ಮೇಲೆಂಬ ವಾದದಲ್ಲಿ ಹುರುಳಿಲ್ಲ. ಯಾವುದು ಕೈಗೆ ಒಗ್ಗುತ್ತದೆಯೋ ಅದೇ ಮೇಲು.

2018ರಲ್ಲಿ ಸಿಗ್ ಸಾವರ್ ಕಂಪನಿಯ ಪಿ365 ಎಂಬ ಪಿಸ್ತೂಲು ಬಂದ ಮೇಲೆ ಲೆಕ್ಕ ಸ್ವಲ್ಪ ಬದಲಾಯಿತು. ಬರಿದಾಗಿರುವಾಗ ಅರ್ಧ ಕಿಲೋ ತೂಗುವ ಆ ಪುಟ್ಟ ಪಿಸ್ತೂಲಿನ ಮ್ಯಾಗಜೀನಿನಲ್ಲಿ 10 ಗುಂಡು ಹಿಡಿಯುತ್ತದೆ. ಅಂಥ ಅಳತೆಯ ಪಿಸ್ತೂಲಿನಲ್ಲಿ ಅದಕ್ಕೆ ಮುಂಚೆ ಆರೇಳು ಹಿಡಿದರೆ ಹೆಚ್ಚು. ಸೊಂಟಕ್ಕೆ ಬಹಳ ಅನುಕೂಲ. ಆದರೆ ಪಂದ್ಯದ ದಿನ 100ರಿಂದ 150 ಗುಂಡು ಹೊಡೆಯಬೇಕಾದಾಗ ಅದರ ಒದೆತ ಅಂಗೈಗೆ ತಿಳಿಯುತ್ತದೆ. ಹಳೆಯ ಐದು ಗುಂಡಿನ ಗಿಡ್ಡ ರಿವಾಲ್ವರುಗಳ ಮಾತೂ ಅಷ್ಟೆ. ಅದನ್ನು ಇಟ್ಟುಕೊಳ್ಳುವುದು ಸರಳ, ಅದರಿಂದ ಚೆನ್ನಾಗಿ ಹೊಡೆಯುವುದು ಪರಿಣತರ ಕೆಲಸ.

ಬೋರಿನ ವಿಚಾರದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗೆಯೋರ್ಗ್ ಲೂಗರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ 9 ಮಿಲಿಮೀಟರ್ ಗುಂಡೇ ಅಲ್ಲಿ ಸುಲಭವಾಗಿ ಸಿಗುವುದು, ಅಗ್ಗವಾದದ್ದು, ಒದೆತವೂ ಹದವಾದದ್ದು. ಅಭ್ಯಾಸಕ್ಕೆ ಸಾವಿರಗಟ್ಟಲೆ ಗುಂಡು ಬೇಕಾಗುವುದರಿಂದ ಬೆಲೆಯ ಮಾತು ಸಣ್ಣದಲ್ಲ. ನಮ್ಮ ದೇಶದಲ್ಲಿ ಇದೇ 9 ಮಿಲಿಮೀಟರ್ ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷೇಧಿತ. ಇಲ್ಲಿ ಪರವಾನಗಿದಾರರ ಬಳಿ ಕಾಣುವುದು ಸರ್ಕಾರಿ ಕಾರ್ಖಾನೆಯ.32 ಬೋರಿನ ರಿವಾಲ್ವರ್. ಊರಿನ ಬಳಕೆಯಿಂದ ಅಲ್ಲಿಯದನ್ನು ಅಳೆಯಲು ಹೊರಟರೆ ತಪ್ಪಾಗುವುದು ಇಂಥಲ್ಲಿ.

ಕೊಳ್ಳುವ ಮುಂಚೆ ಬಾಡಿಗೆಗೆ ಪಡೆದು ಹೊಡೆದು ನೋಡುವ ಏರ್ಪಾಡು ಅಲ್ಲಿಯ ಅನೇಕ ಗುಂಡಿನ ಅಂಗಳಗಳಲ್ಲಿ ಉಂಟು. ಅಂಗಡಿಯ ಗಾಜಿನ ಮೇಲಿಟ್ಟು ನೋಡುವುದು ಸಾಲದು. ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮುಂಭಾಗ ಟ್ರಿಗರಿನ ಮೇಲೆ ತಾನಾಗಿಯೇ ಕೂರಬೇಕು. ನಳಿಗೆ ಮುಂಗೈಯ ನೇರಕ್ಕೇ ಇರಬೇಕು. ನಮ್ಮ ಹೆಂಗಸರಲ್ಲೂ ಗಂಡಸರಲ್ಲೂ ಅನೇಕರ ಕೈ ಅಲ್ಲಿಯವರದಕ್ಕಿಂತ ಚಿಕ್ಕದು. ದಪ್ಪ ಹಿಡಿಯ ಪಿಸ್ತೂಲನ್ನು ಹಿಡಿಯಲು ಕೈಯನ್ನು ತಿರುಚಿಕೊಂಡರೆ ಗುರಿ ಕೆಡುತ್ತದೆ. ಇನ್ನೊಂದು ಗುಟ್ಟು ಅನುಭವಸ್ಥರಿಗೆ ಮಾತ್ರ ಗೊತ್ತಿರುವಂಥದು. ಮರೆಮಾಡುವುದಕ್ಕೆ ಕಷ್ಟವಾಗುವುದು ನಳಿಗೆಯ ಉದ್ದವಲ್ಲ, ಹಿಡಿಯ ಉದ್ದ. ನಳಿಗೆ ಪ್ಯಾಂಟಿನ ಒಳಗೆ ಕೆಳಕ್ಕೆ ಇಳಿದಿರುತ್ತದೆ. ಹಿಡಿಯಾದರೋ ಬೆಲ್ಟಿನ ಮೇಲೆ ಹೊರಚಾಚಿ ಅಂಗಿಯನ್ನು ಎತ್ತಿ ತೋರಿಸುತ್ತದೆ. ಆದುದರಿಂದ ಮೋಟು ನಳಿಗೆಗಾಗಿ ಗುರಿಯನ್ನು ಬಲಿಕೊಡುವ ಬದಲು ಹಿಡಿಯಲ್ಲಿ ಅರ್ಧ ಅಂಗುಲ ಉಳಿಸುವುದು ಜಾಣತನ.

ಪಿಸ್ತೂಲಿಗೆ ಹಣ ಸುರಿದು ಒರೆಗೆ ಜಿಪುಣತನ ಮಾಡುವವರನ್ನು ಕಂಡರೆ ನಮಗೆ ಆಶ್ಚರ್ಯ. ಒರೆ ಗಟ್ಟಿಯಾಗಿರಬೇಕು, ಟ್ರಿಗರನ್ನು ಪೂರ್ತಿ ಮುಚ್ಚಬೇಕು, ಪಿಸ್ತೂಲನ್ನು ಹೊರತೆಗೆದ ಮೇಲೂ ಅದರ ಬಾಯಿ ಮುಚ್ಚಿಕೊಳ್ಳಬಾರದು. ಗ್ಲಾಕಿನಂಥ ಪಿಸ್ತೂಲುಗಳಲ್ಲಿ ಬೆರಳಿನಿಂದ ಸರಿಸುವ ಪ್ರತ್ಯೇಕ ತಡೆಗೀಲು ಇಲ್ಲ. ಟ್ರಿಗರ್ ಒತ್ತಿದರೆ ಗುಂಡು ಹಾರಿತೆಂದೇ ಅರ್ಥ. ಅಂಗಿಯ ತುದಿ ಸಿಕ್ಕಿಕೊಂಡು ಒರೆಗೆ ತುರುಕುವಾಗ ತೊಡೆಗೆ ಗುಂಡು ತಗುಲಿದ ಪ್ರಸಂಗಗಳು ಉಂಟು. ತೆಗೆಯುವಾಗ ಅವಸರವಿರಬಹುದು, ಒರೆಗೆ ಮರಳಿಸುವಾಗ ಅವಸರಕ್ಕೆ ಕಾರಣವೇ ಇಲ್ಲ.

ಇನ್ನು ಪಂದ್ಯದ ಮಾತು. 1976ರಲ್ಲಿ ಮಿಸೂರಿ ರಾಜ್ಯದ ಕೊಲಂಬಿಯಾ ನಗರದಲ್ಲಿ ಸೇರಿದ ಸಭೆಯಿಂದ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟವೊಂದಿದೆ. ಅದರ ಮೊದಲ ಅಧ್ಯಕ್ಷ ಜೆಫ್ ಕೂಪರ್. ಕಾಲಕ್ರಮದಲ್ಲಿ ಆ ಪಂದ್ಯಗಳ ಪಿಸ್ತೂಲುಗಳು ಓಟದ ಕುದುರೆಗಳಂತೆ ಪಂದ್ಯಕ್ಕೆ ಮಾತ್ರ ಯೋಗ್ಯವಾದವು. ನಿತ್ಯ ಒಯ್ಯುವ ಪಿಸ್ತೂಲಿಗೂ ಒಂದು ಪಂದ್ಯ ಬೇಕೆಂದು ಕೆಲವರು 1996ರಲ್ಲಿ ಇಂಟರ್‌ನ್ಯಾಷನಲ್ ಡಿಫೆನ್ಸಿವ್ ಪಿಸ್ಟಲ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅಲ್ಲಿ ಸ್ಪರ್ಧಿ ಅಂಗಿಯ ಮೇಲೊಂದು ಮರೆಯ ಉಡುಪು ತೊಟ್ಟು, ಅದನ್ನು ಸರಿಸಿ, ಪಿಸ್ತೂಲು ತೆಗೆದು, ಮರೆಯಲ್ಲಿ ನಿಂತು ಗುರಿಗಳಿಗೆ ಹೊಡೆಯಬೇಕು. ತೆಗೆದುಕೊಂಡ ಕಾಲಕ್ಕೆ ತಪ್ಪುಗಳ ದಂಡವನ್ನು ಕಾಲದ ರೂಪದಲ್ಲಿಯೇ ಕೂಡಿಸುತ್ತಾರೆ. ವೇಗ ಒಂದರಿಂದಲೇ ಗೆಲ್ಲಲಾಗದು. ಮಧ್ಯಮ ಗಾತ್ರದ ಪಿಸ್ತೂಲುಗಳಿಗೆ ಅಲ್ಲಿ ಪ್ರತ್ಯೇಕ ವರ್ಗವಿದ್ದು, ಗ್ಲಾಕ್ 19 ಅದರ ಅಳತೆಪೆಟ್ಟಿಗೆಯಲ್ಲಿ ಕೂರುತ್ತದೆ. 1981ರಿಂದ ನಡೆಯುತ್ತಿರುವ ಸ್ಟೀಲ್ ಚಾಲೆಂಜ್ ಇನ್ನೂ ಸರಳ: ಉಕ್ಕಿನ ತಟ್ಟೆಗಳು, ಹೊಡೆದರೆ ಠಣ್ ಎನ್ನುತ್ತವೆ, ಓಡಾಟ ಬಹುತೇಕ ಇಲ್ಲ. ಹೊಸಬರಿಗೆ ಅದೇ ಒಳ್ಳೆಯ ಮೆಟ್ಟಿಲು.

ಆದರೆ ಕೆಲವು ಕ್ಲಬ್ಬುಗಳು ಹೊಟ್ಟೆಯ ಮುಂದೆ ಸಿಕ್ಕಿಸುವ ಒರೆಯನ್ನು ಒಪ್ಪುವುದಿಲ್ಲ. ಬಹುಪಾಲು ಅಂಗಳಗಳಲ್ಲಿ, ಅಧಿಕಾರಿ ಹೇಳಿದ ಮೇಲೆ, ಅವರ ಕಣ್ಣೆದುರಿನಲ್ಲಿಯೇ ಗುಂಡು ತುಂಬಬೇಕು. ದಾರಿಯುದ್ದಕ್ಕೂ ತುಂಬಿದ ಪಿಸ್ತೂಲನ್ನು ಸೊಂಟದಲ್ಲಿಟ್ಟುಕೊಂಡು ಬಂದವನು ಅಂಗಳದಲ್ಲಿ ತನ್ನಷ್ಟಕ್ಕೆ ಅದನ್ನು ಹೊರತೆಗೆದರೆ ಆ ದಿನದ ಪಂದ್ಯ ಅಲ್ಲಿಗೇ ಮುಗಿಯಿತು, ಮನೆಗೆ ಕಳುಹಿಸುತ್ತಾರೆ. ಹೋಗುವ ಮೊದಲೇ ದೂರವಾಣಿಯಲ್ಲಿ ವಿಚಾರಿಸಬೇಕು.

ಪಂದ್ಯದ ರುಚಿ ಹತ್ತಿದವರನ್ನು ಕಾಡುವ ಮೋಹವೊಂದುಂಟು: ಟ್ರಿಗರನ್ನು ಹಗುರ ಮಾಡಿಸುವುದು. ಕಾರ್ಖಾನೆಯಿಂದ ಬಂದ ಗ್ಲಾಕಿನ ಟ್ರಿಗರ್ ಎಳೆಯಲು ಸುಮಾರು ಎರಡೂವರೆ ಕಿಲೋದಷ್ಟು ಬಲ ಬೇಕು. ಅದನ್ನು ಒಂದು ಕಿಲೋಗೆ ಇಳಿಸಿದರೆ ಪಂದ್ಯದಲ್ಲಿ ಅಂಕ ಏರಬಹುದು. ಭಯದಿಂದ ಕೈ ನಡುಗುವ ರಾತ್ರಿಯಲ್ಲಿ ಅದೇ ಟ್ರಿಗರ್ ಬೇಡದ ಗುಂಡನ್ನೂ ಹಾರಿಸಬಹುದು. ಎರಡು ಕೆಲಸಕ್ಕೆ ಒಂದೇ ಪಿಸ್ತೂಲೆಂದು ನಿಶ್ಚಯಿಸಿದವರು ಸೊಂಟದ ಕೆಲಸಕ್ಕೆ ಮಣಿಯಬೇಕು, ಪಂದ್ಯದಲ್ಲಿ ಎರಡು ಸೆಕೆಂಡು ಸೋತರೂ ಸರಿ. ವಯಸ್ಸಾದ ಕಣ್ಣಿನವರು ಮೇಲೆ ಕೆಂಪು ಚುಕ್ಕೆಯ ಗುರಿಗಾಜು ಕೂರಿಸಿಕೊಳ್ಳುವುದು ಬೇರೆ ಮಾತು. ಅದರಿಂದ ಎರಡೂ ಕಡೆ ಲಾಭವೇ.

ಇಷ್ಟೆಲ್ಲ ಹೇಳಿದ ಮೇಲೆ, ನಮ್ಮ ವಾಚಕರ ಮಕ್ಕಳಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೂ ಉಳಿದಿದೆ. ವಿದ್ಯಾರ್ಥಿ ವೀಸಾದಲ್ಲಿರುವವರು, ಎಚ್-1ಬಿ ಕೆಲಸದ ವೀಸಾದಲ್ಲಿರುವವರು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಊರ್ಜಿತದಲ್ಲಿರುವ ಬೇಟೆಯ ಪರವಾನಗಿ ಇದ್ದವರಿಗೆ ಮುಂತಾದ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಇದು ಅಪರಾಧ. ಹಸಿರು ಚೀಟಿ ಪಡೆದ ಕಾಯಂ ನಿವಾಸಿಗಳಿಗೂ ಪೌರರಿಗೂ ಈ ತಡೆಯಿಲ್ಲ. ಇಟ್ಟುಕೊಳ್ಳುವುದೆಂದರೆ ಸ್ವಂತಕ್ಕೆ ಕೊಳ್ಳುವುದು ಮಾತ್ರವಲ್ಲ. ಅಂಗಳದಲ್ಲಿ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿಯುವುದೂ ಅದರಲ್ಲಿ ಸೇರುತ್ತದೆ. ಮೊಮ್ಮಗುವನ್ನು ನೋಡಲು ಸಂದರ್ಶಕ ವೀಸಾದಲ್ಲಿ ಹೋದ ಅಜ್ಜ, ಮಗನೊಡನೆ ಅಂಗಳಕ್ಕೆ ಹೋಗಿ ವಿನೋದಕ್ಕೆಂದು ನಾಲ್ಕು ಗುಂಡು ಹೊಡೆದರೂ ಅದೇ ಕಾನೂನಿನ ಬಲೆಗೆ ಬೀಳಬಹುದು. ಅಂಗಡಿಯಲ್ಲಿ ತುಂಬಿಸುವ ನಮೂನೆಯಲ್ಲಿ ಸುಳ್ಳು ಬರೆದರೆ ಅದು ಮತ್ತೊಂದು ಅಪರಾಧ. ವೀಸಾದ ಮೇಲೆ ಬದುಕು ಕಟ್ಟಿಕೊಂಡವನಿಗೆ ಅಷ್ಟರಿಂದಲೇ ಗಂಟುಮೂಟೆ ಕಟ್ಟುವ ಸ್ಥಿತಿ ಬರಬಹುದು.

ಗಡಿಯ ಮಾತನ್ನು ಗಡಿಯವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಸರಗೋಡಿನವರೊಬ್ಬರ ಬಂದೂಕಿನ ಪರವಾನಗಿ ಕೇರಳಕ್ಕೆ ಮಾತ್ರ ಸೀಮಿತವಾಗಿದ್ದರೆ ತಲಪಾಡಿ ದಾಟಿದೊಡನೆ ಅದಕ್ಕೆ ಬೆಲೆಯಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಪರವಾನಗಿಯಿಂದಲೇ ವಿನಾಯಿತಿಯುಂಟು. ಪಕ್ಕದ ವಯನಾಡಿನ ಕನ್ನಡಿಗನಿಗೆ ಅದಿಲ್ಲ. ಅಮೆರಿಕದಲ್ಲಿಯೂ ಹೀಗೆಯೇ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಮರೆಯಲ್ಲಿ ಒಯ್ಯಲು ಪರವಾನಗಿಯೇ ಬೇಡ. ಮಿಕ್ಕವುಗಳಲ್ಲಿ ಬೇಕು, ಅರ್ಜಿದಾರ ತನಗೆ ವಿಶೇಷ ಅಗತ್ಯವಿದೆಯೆಂದು ತೋರಿಸಬೇಕೆನ್ನುವ ಕಟ್ಟಳೆಯನ್ನು ಮಾತ್ರ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತಳ್ಳಿಹಾಕಿತು. ಒಂದು ರಾಜ್ಯದ ಪರವಾನಗಿ ಪಕ್ಕದ ರಾಜ್ಯದಲ್ಲಿ ನಡೆಯುವುದೆಂಬ ಭರವಸೆ ಇಲ್ಲ. 2013ರಲ್ಲಿ ಪೆನ್ಸಿಲ್ವೇನಿಯಾದ ತಾಯಿಯೊಬ್ಬಳು ತನ್ನ ರಾಜ್ಯದ ಪರವಾನಗಿಯನ್ನು ನಂಬಿ ನ್ಯೂಜೆರ್ಸಿಯನ್ನು ಹೊಕ್ಕಳು. ಪೋಲೀಸರು ಕಾರನ್ನು ತಡೆದಾಗ ಪಿಸ್ತೂಲು ಇದೆಯೆಂದು ತಾನಾಗಿಯೇ ಹೇಳಿದಳು, ಅಲ್ಲಿಯೇ ಬಂಧನವಾಯಿತು. ವರ್ಷಗಳ ಸೆರೆವಾಸ ಕಣ್ಣೆದುರಿಗಿತ್ತು. 2015ರಲ್ಲಿ ರಾಜ್ಯಪಾಲರ ಕ್ಷಮಾದಾನದಿಂದ ಕಡೆಗೆ ಪಾರಾದಳು.

ಮನೆಯೊಳಗಿನ ಮಾತು ಇನ್ನೂ ಗಂಭೀರವಾದದ್ದು. 2020ರಿಂದೀಚೆಗೆ ಅಮೆರಿಕದ ಮಕ್ಕಳ ಮತ್ತು ಹದಿಹರೆಯದವರ ಸಾವಿನ ಕಾರಣಗಳಲ್ಲಿ ಬಂದೂಕು ಮೊದಲನೆಯದಾಗಿದೆ. ಅಲ್ಲಿ ಬಂದೂಕಿನಿಂದಾಗುವ ಒಟ್ಟು ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಕಳ್ಳನಿಗಾಗಿ ತಂದಿಟ್ಟ ಪಿಸ್ತೂಲು ಮನೆಯ ಮಗುವಿನ ಕೈಗೆ, ಖಿನ್ನತೆಯಲ್ಲಿರುವ ಹದಿನಾರರ ಹುಡುಗನ ಕೈಗೆ, ಕೆಲಸ ಕಳೆದುಕೊಂಡು ಕಂಗೆಟ್ಟವನ ಕೈಗೆ ಸಿಕ್ಕೀತೆಂಬ ಅಂಜಿಕೆ ಕಲ್ಪನೆಯದಲ್ಲ. ದಿಂಬಿನಡಿ, ಸೀರೆಯ ಮಡಿಕೆಯ ನಡುವೆ, ಕಪಾಟಿನ ಮೇಲೆ ಬಚ್ಚಿಡುವುದು ಭದ್ರತೆಯಲ್ಲ. ಮಕ್ಕಳಿಗೆ ಮನೆಯ ಮೂಲೆಮೂಲೆಯೂ ಗೊತ್ತು. ಸೊಂಟದಿಂದ ಇಳಿಸಿದೊಡನೆ ಬೀಗದ ಉಕ್ಕಿನ ಪೆಟ್ಟಿಗೆಗೆ ಹೋಗಬೇಕು, ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿದ್ದರೆ ಇನ್ನೂ ಮೇಲು. ಪೆಟ್ಟಿಗೆಯ ಹಣವನ್ನು ಪಿಸ್ತೂಲಿನ ಬೆಲೆಯೊಡನೆ ಮೊದಲೇ ಕೂಡಿಸಿಕೊಳ್ಳಬೇಕು. ಹೆಂಡತಿ ಬೇಡವೆಂದ ಮನೆಗೆ ಪಿಸ್ತೂಲು ತರಬಾರದೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಅಂಥವನು ಕ್ಲಬ್ಬಿನ ಬಾಡಿಗೆ ಪಿಸ್ತೂಲಿನಿಂದಲೇ ಗುರಿಯ ಹವ್ಯಾಸವನ್ನು ಪೂರೈಸಿಕೊಳ್ಳಬಹುದು.

ಊರಿಗೆ ಹೊರಡುವವರಿಗೆ ಇನ್ನೊಂದು ಎಚ್ಚರಿಕೆ. ಅಂಗಳಕ್ಕೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಬಳಸಬಾರದು. ಹೊಲಿಗೆಯ ಸಂದಿಯಲ್ಲಿ ಉಳಿದ ಒಂದೇ ಒಂದು ಜೀವಂತ ಗುಂಡು ನಮ್ಮ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಸಿಕ್ಕಿದರೆ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪ್ರಕರಣ ದಾಖಲಾಗುತ್ತದೆ. ಅರಿವಿಲ್ಲದೆ ಉಳಿದ ಗುಂಡೆಂದು ಮನಗಂಡು ಇಂಥ ಎಷ್ಟೋ ಪ್ರಕರಣಗಳನ್ನು ಉಚ್ಚ ನ್ಯಾಯಾಲಯಗಳು ವಜಾ ಮಾಡಿದ್ದುಂಟು. ಆದರೆ ಅಷ್ಟರಲ್ಲಿ ವಿಮಾನ ತಪ್ಪಿರುತ್ತದೆ, ಪಾಸ್‌ಪೋರ್ಟಿನ ಚಿಂತೆ ಹತ್ತಿರುತ್ತದೆ, ವಕೀಲರ ಮನೆಗೆ ಅಲೆದಾಟ ಮೊದಲಾಗಿರುತ್ತದೆ. ಊರಿಗೆ ಬರುವಾಗ ಬೇರೆಯೇ ಒಂದು ಚೀಲ ತನ್ನಿ.