ಸಂತೈಸುವವರ ಮನಸ್ಸಿಗೂ ಆರೈಕೆ ಬೇಕು

ಕೆಲವು ವರ್ಷಗಳ ಹಿಂದಿನ ಮಾತು. ಸಿದ್ಧೇಶ್ವರ ಗುಡಿಯ ಸಂಕ್ರಮಣದ ಜಾತ್ರೆ ಮುಗಿದಿತ್ತು. ನಮ್ಮ ಚಿಕಿತ್ಸಾಲಯಕ್ಕೆ ಆಪ್ತಸಮಾಲೋಚಕಿಯಾಗಿ ಸೇವೆ ಸಲ್ಲಿಸುತ್ತಿದ್ದ ತಾಯಿಯೊಬ್ಬರು ಬಂದರು. ಅವರಿಗೆ ಮೂರು ತಿಂಗಳಿಂದ ನಿದ್ರೆಯಿಲ್ಲ, ಊಟ ರುಚಿಸದು, ಫೋನು ಸದ್ದಾದರೆ ಎದೆ ನಡುಗುವುದು. “ನನಗ ಏನೂ ಆಗಿಲ್ರಿ ಡಾಕ್ಟ್ರೇ, ಆದ್ರ ಎಲ್ಲಾ ನನಗ ಆದಂಗ ಅನಸ್ತದ” ಎಂದರು.

ನಾವು ನಾಡಿ ನೋಡಿ, ವಾತ ಕೆರಳಿದೆಯೆಂದು ತಿಳಿದು, ಹಾಲಿನೊಡನೆ ಅಶ್ವಗಂಧ ಚೂರ್ಣ ಕೊಟ್ಟೆವು. ರಾತ್ರಿ ಅಂಗಾಲಿಗೆ ಎಣ್ಣೆ ತಿಕ್ಕಲು ಹೇಳಿದೆವು. ಎರಡು ವಾರ ಹಿತವೆನಿಸಿತು. ಮೂರನೆಯ ವಾರ ಹಳೆಯ ಸ್ಥಿತಿಯೇ ಮರಳಿತು. ಮೊದಲ ದಿನವೇ ಕೇಳಬೇಕಾದ ಪ್ರಶ್ನೆಯನ್ನು ನಾವು ಆಗ ಕೇಳಿದೆವು: “ತಾಯಿ, ನಿಮ್ಮ ಒಂದು ದಿನದ ಕೆಲಸ ಹೇಗಿರುತ್ತದೆ?”

ಆತ್ಮಹತ್ಯೆ ಕಂಡ ಮನೆಯವರು, ಪೆಟ್ಟು ತಿಂದ ಹೆಣ್ಣುಮಕ್ಕಳು, ದೌರ್ಜನ್ಯಕ್ಕೆ ಒಳಗಾದ ಮಕ್ಕಳು ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ನಡುವೆ ಬಿಡುವಿಲ್ಲ. ರಾತ್ರಿಯೂ ಕರೆಗಳು. ರಜೆ ಕೇಳಿದರೆ, ಬರೀ ಮಾತಾಡುವ ಕೆಲಸಕ್ಕೆ ಎಂಥ ದಣಿವು ಎಂಬ ಉತ್ತರ. ದೋಷವಿದ್ದುದು ಅವರ ದೇಹಪ್ರಕೃತಿಯಲ್ಲಿ ಮಾತ್ರವಲ್ಲ, ಕೆಲಸದ ಕ್ರಮದಲ್ಲಿಯೂ ಎಂಬುದು ನಮಗೆ ಅಂದು ಅರಿವಾಯಿತು.

ಇದನ್ನು ದ್ವಿತೀಯಕ ಆಘಾತ ಒತ್ತಡ ಎನ್ನುತ್ತಾರೆ. ಪರರ ಆಘಾತವನ್ನು ಮತ್ತೆ ಮತ್ತೆ ಕೇಳುವವರಲ್ಲಿ, ಆ ಆಘಾತ ತಮಗೇ ಆದಂತೆ ಲಕ್ಷಣಗಳು ಮೂಡುತ್ತವೆ: ಕೇಳಿದ ದೃಶ್ಯಗಳು ಕಣ್ಣಿಗೆ ಕಟ್ಟುವುದು, ದುಃಸ್ವಪ್ನ, ಬೆಚ್ಚಿಬೀಳುವಿಕೆ, ಅಂಥ ರೋಗಿಗಳನ್ನು ತಪ್ಪಿಸುವ ಮನಸ್ಸು, ಮನೆಯವರ ಮೇಲೆ ಸಿಡುಕು. 1995ರಲ್ಲಿ ಅಮೆರಿಕದ ಚಾರ್ಲ್ಸ್ ಫಿಗ್ಲಿಯವರು ಈ ವಿಷಯದ ಮೇಲೆ ಗ್ರಂಥವನ್ನೇ ಹೊರತಂದರು. 2013ರ ಡಿಎಸ್‌ಎಂ ಐದನೆಯ ಆವೃತ್ತಿಯು, ವೃತ್ತಿಯ ಕಾರಣದಿಂದ ಭೀಕರ ವಿವರಗಳಿಗೆ ಪದೇ ಪದೇ ಒಡ್ಡಿಕೊಳ್ಳುವುದನ್ನೂ ಆಘಾತವೆಂದೇ ಎಣಿಸಿತು. ಕೆಲಸದ ಹೊರೆಯಿಂದ ಬರುವ ಬಳಲಿಕೆ ಬೇರೆ. ಇದು ಕೇಳಿದ ಮಾತಿನಿಂದಲೇ ಹುಟ್ಟುವ ಗಾಯ.

ಈ ಸೇವೆ ಇಂದು ದೊಡ್ಡ ಆಸ್ಪತ್ರೆಗಳಿಗೆ ಸೀಮಿತವಲ್ಲ. 1985ರ ಸುಮಾರಿಗೆ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ದೂರವಾಣಿ ಸೇವೆ ಆರಂಭವಾಯಿತು. ತಿಕೋಟಾದ ದ್ರಾಕ್ಷಿ ಬೆಳೆಗಾರನಿರಲಿ, ಬಬಲೇಶ್ವರದ ಗೃಹಿಣಿಯಿರಲಿ, 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಉತ್ತರಿಸುವವರಿದ್ದಾರೆ. ಆ ಉತ್ತರಿಸುವವರನ್ನು ಕಾಯುವವರು ಯಾರು?

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಮುಖ್ಯ ಗಮನ ರೋಗಿಯ ಹಕ್ಕುಗಳತ್ತ ಇದೆ, ಅದು ಯುಕ್ತವೇ. ಹತ್ತು ವರ್ಷಗಳೊಳಗೆ ಜನಸಂಖ್ಯೆಗೆ ತಕ್ಕಷ್ಟು ತಜ್ಞರನ್ನು ಒದಗಿಸಲು ಸರ್ಕಾರ ಯತ್ನಿಸಬೇಕೆಂದೂ ಅದು ಹೇಳುತ್ತದೆ. ಆದರೆ ಇರುವವರ ದಿನಚರಿಯನ್ನು ಸರಿಪಡಿಸುವ ಹೊಣೆ ಆಯಾ ಸಂಸ್ಥೆಯದು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯೂ ಆರೋಗ್ಯ ಕಾರ್ಯಕರ್ತರಿಗಾಗಿ ಸಂಸ್ಥೆಯೇ ಕೆಲಸದ ಹೊರೆ, ವೇಳಾಪಟ್ಟಿಗಳನ್ನು ತಿದ್ದಬೇಕೆಂದು ಸೂಚಿಸಿದೆ.

ನಮ್ಮ ಭಕ್ತರಲ್ಲಿ ಅನೇಕರು ಶಾಲೆ, ಆಸ್ಪತ್ರೆ, ವಸತಿನಿಲಯಗಳ ಆಡಳಿತ ಮಂಡಳಿಗಳಲ್ಲಿ ಇದ್ದೀರಿ. ನಿಮ್ಮಲ್ಲಿ ನಮ್ಮ ವಿನಂತಿ ಇಷ್ಟು. ಕಠಿಣ ಪ್ರಕರಣಗಳನ್ನು ಒಬ್ಬರಿಗೇ ಸಾಲಾಗಿ ಒಪ್ಪಿಸದೆ ಹಂಚಿರಿ. ಎರಡು ಭೇಟಿಗಳ ನಡುವೆ ಸ್ವಲ್ಪ ಬಿಡುವು ಇರಲಿ. ರಾತ್ರಿಯ ಕರೆಗಳಿಗೆ ಸರದಿ ನಿಗದಿಯಾಗಲಿ. ವಾರಕ್ಕೊಮ್ಮೆ ಹಿರಿಯ ತಜ್ಞರೊಡನೆ ಕುಳಿತು ಮನಸ್ಸು ಬಿಚ್ಚಿ ಮಾತಾಡುವ ಅವಕಾಶವಿರಲಿ. ಅದು ತಪ್ಪು ಹುಡುಕುವ ಸಭೆಯಾಗದಿರಲಿ. ದುರಂತದ ನಂತರ ಕೇಳಿದ ರಜೆಯನ್ನು ದೌರ್ಬಲ್ಯವೆಂದು ಬರೆಯದಿರಿ. ಆದರೆ ಘಟನೆಯಾದೊಡನೆ ಎಲ್ಲರನ್ನೂ ಕೂಡಿಸಿ ಬಲವಂತವಾಗಿ ಹೇಳಿಸುವುದು ಹಿತವಲ್ಲ. 2011ರ ಪ್ರಾಥಮಿಕ ಮಾನಸಿಕ ನೆರವಿನ ಕೈಪಿಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಥ ಕ್ರಮವನ್ನು ಒಪ್ಪಿಲ್ಲ.

ನಮ್ಮ ಪ್ರಾಚೀನರೂ ಇದನ್ನು ಅರಿತಿದ್ದರು. ಚರಕ ಸಂಹಿತೆಯ ಸೂತ್ರಸ್ಥಾನ ವೈದ್ಯನ ವೃತ್ತಿಯನ್ನು ನಾಲ್ಕಾಗಿ ಹೇಳುತ್ತದೆ: ಮೈತ್ರಿ, ಕಾರುಣ್ಯ, ಪ್ರೀತಿ ಮತ್ತು ಉಪೇಕ್ಷೆ. ಉಪೇಕ್ಷೆ ಎಂದರೆ ತಿರಸ್ಕಾರವಲ್ಲ. ಬದುಕಿಸಲಾಗದವರ ವಿಷಯದಲ್ಲಿ ಚಿತ್ತದ ಸಮತೆಯನ್ನು ಕಾಯ್ದುಕೊಳ್ಳುವುದು. ಮೊದಲ ಮೂರನ್ನು ಬಯಸುವ ನಾವು ನಾಲ್ಕನೆಯದಕ್ಕೆ ಅವಕಾಶ ಕೊಡದಿದ್ದರೆ ವೈದ್ಯನೇ ರೋಗಿಯಾಗುತ್ತಾನೆ. ಕಾಯಕವೆಂಬ ಹೆಸರಿನಲ್ಲಿ ಕಾಯವನ್ನು ಸವೆಸುವುದು ಧರ್ಮವಲ್ಲ.

ಆ ತಾಯಿಯ ಕಚೇರಿಯಲ್ಲಿ ಕೊನೆಗೆ ಸಣ್ಣ ಬದಲಾವಣೆಯಾಯಿತು: ಪ್ರಕರಣಗಳು ಹಂಚಿಕೆಯಾದವು, ಪ್ರತಿ ಶನಿವಾರ ಹಿರಿಯರೊಬ್ಬರೊಡನೆ ಮಾತುಕತೆ ಏರ್ಪಟ್ಟಿತು. ನಾವು ಅವರನ್ನು ಮನೋವೈದ್ಯರ ಬಳಿಗೂ ಕಳುಹಿಸಿದೆವು. ಕೆಲವು ತಿಂಗಳಲ್ಲಿ ನಿದ್ರೆ ಮರಳಿತು. ಅದರಲ್ಲಿ ಅಶ್ವಗಂಧದ ಪಾಲಿಗಿಂತ ಆ ಶನಿವಾರಗಳ ಪಾಲೇ ಹೆಚ್ಚೆಂದು ನಾವು ಸಂಕೋಚವಿಲ್ಲದೆ ಒಪ್ಪುತ್ತೇವೆ.

ನಿಮ್ಮ ಮನೆಯಲ್ಲಿ ಇಂಥ ಸೇವೆಯವರಿದ್ದರೆ, ಸಂಜೆ ಅವರು ಬಂದೊಡನೆ ಪ್ರಶ್ನೆಗಳನ್ನು ಸುರಿಯಬೇಡಿರಿ. ಒಂದು ತಂಬಿಗೆ ನೀರು ಕೊಡಿ, ಹೊತ್ತಿಗೆ ಬಿಸಿ ರೊಟ್ಟಿ ಬಡಿಸಿ, ಮೌನವಾಗಿ ಜೊತೆಗಿರಿ. ಲಕ್ಷಣಗಳು ಒಂದು ತಿಂಗಳು ದಾಟಿದರೆ, ಅಥವಾ ಬದುಕು ಸಾಕೆಂಬ ಮಾತು ಬಂದರೆ, ತಡಮಾಡದೆ ಮನೋವೈದ್ಯರನ್ನು ಕಾಣಿರಿ. ಸಂತೈಸುವವರೂ ಒಮ್ಮೆ 14416ಕ್ಕೆ ಕರೆ ಮಾಡಬಹುದು, ಅದರಲ್ಲಿ ನಾಚಿಕೆಯಿಲ್ಲ.